ಅಪ್ಪನಿಗೊಂದು, ಮಗಳಿಗೊಂದು ಕೌನ್ಸೆಲಿಂಗ್

ತುಮಕೂರಿನ ಮಂಡಿಪೇಟೆಯ ಒಂದು ಸಂದಿಯಲ್ಲಿ ಮುನಾವರ್ ಪಾಷಾನ ಸ್ಟೌವ್ ರಿಪೇರಿ ಅಂಗಡಿ ಇತ್ತು. ಒಬ್ಬರು ಕೂತು ಇನ್ನೊಬ್ಬರು ನಿಂತರೆ ಆ ಅಂಗಡಿ ಹೌಸ್‌ಫುಲ್. ಸೀಮೆಎಣ್ಣೆಯ ಪಂಪ್ ಸ್ಟೌವಿನ ಕಾಲದಲ್ಲೇ ಪಾಷಾನ ಕೈ ಪಳಗಿತ್ತು. ತೊಂಬತ್ತರ ದಶಕದಲ್ಲಿ ಮನೆಮನೆಗೂ ಗ್ಯಾಸ್ ಬಂದ ಮೇಲಂತೂ ಅವನಿಗೆ ಪುರುಸೊತ್ತೇ ಇಲ್ಲದಾಯಿತು. ಹೆಗಲಿಗೊಂದು ರೆಕ್ಸಿನ್ ಚೀಲ ಹಾಕಿಕೊಂಡು ಒಂದು ದಿನ ಗುಬ್ಬಿಗೆ, ಇನ್ನೊಂದು ದಿನ ಕುಣಿಗಲ್ಲಿಗೆ ಬಸ್ಸು ಹತ್ತುತ್ತಿದ್ದ. ಜನ ಅವನನ್ನು ಸ್ಟೌವ್ ಪಾಷಾ ಎಂದೇ ಕರೆಯುತ್ತಿದ್ದರು. ಮದುವೆಯ ಕಾಗದದ ಮೇಲೂ ಹಾಗೆಯೇ ಬರೆದು ಕಳಿಸುತ್ತಿದ್ದರು.

ಬೀದಿಯಲ್ಲಿ ಪಾಷಾನದು ದೊಡ್ಡ ಬಾಯಿ. ಯಾರ ಮನೆಯ ಬರ್ನರಿನಲ್ಲಿ ಎಷ್ಟು ವರ್ಷದ ಹಾಲು ಉಕ್ಕಿ ಕರಕಲಾಗಿದೆ, ಯಾರು ಸಿಲಿಂಡರ್ ಖಾಲಿಯಾದರೂ ಬುಡ ಅಲ್ಲಾಡಿಸಿ ಎರಡು ದಿನ ತಳ್ಳುತ್ತಾರೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಾದದ್ದು ಸಂಜೆಯೊಳಗೆ ಮಂಡಿಪೇಟೆಗೂ ಗೊತ್ತಾಗುತ್ತಿತ್ತು.

ಇಂಥ ಮನುಷ್ಯನಿಗೆ ಒಂದು ಇಲಿ ಗಂಟುಬಿತ್ತು. 1997ರಲ್ಲಿ ಗುಬ್ಬಿಯ ಬಸವಲಿಂಗಮ್ಮನ ಮನೆಯಲ್ಲಿ ಇಲಿ ಗ್ಯಾಸಿನ ರಬ್ಬರ್ ಪೈಪು ಕಡಿದು, ಬೆಳಿಗ್ಗೆ ಕಡ್ಡಿ ಗೀರಿದಾಗ ಭುಗ್ ಎಂದು ಹೊತ್ತಿಕೊಂಡಿತು. ಸುಟ್ಟಿದ್ದು ಒಂದು ಪರದೆ, ಎರಡು ಕ್ಯಾಲೆಂಡರು, ಬಸವಲಿಂಗಮ್ಮನ ಹುಬ್ಬು ಮಾತ್ರ. ಪಾಷಾ ಆ ಸ್ಟೌವ್ ಮುಟ್ಟಿ ಎರಡು ತಿಂಗಳಾಗಿತ್ತು. ಸುದ್ದಿ ಕೇಳಿ ಓಡಿ ಹೋದವನು ಅಡುಗೆಮನೆಯ ಕಪ್ಪು ಗೋಡೆ ನೋಡಿ ಅಲ್ಲೇ ಕುಸಿದು ಕೂತ.

"ನೀವ್ಯಾಕೆ ಸಾಬ್ರೆ ಹಿಂಗೆ ಮುಖ ಮಾಡ್ಕಂಡಿದೀರ? ಹುಬ್ಬು ಹೋಗಿದ್ದು ನಂದು" ಎಂದಳು ಬಸವಲಿಂಗಮ್ಮ. "ಬುಡಿ, ಕಾಡಿಗೇಲಿ ಬರ್ಕತೀನಿ. ಕಾಫಿ ಕುಡೀತೀರಾ? ಸೌದೆ ಒಲೇಲಿ ಕಾಸಿದ್ದು, ಹೆದರ್ಕೋಬೇಡಿ."

ಪಾಷಾ ಕಾಫಿ ಕುಡಿದ. ಹೆದರಿಕೆ ಮಾತ್ರ ಇಳಿಯಲಿಲ್ಲ. ಇಲಿ ಕಚ್ಚಿದ್ದು ಪೈಪಿಗೆ, ವಿಷ ಏರಿದ್ದು ಪಾಷಾನ ತಲೆಗೆ.

ಮೊದಮೊದಲು ಇದು ಕಾಯಿಲೆ ಎಂದು ಯಾರಿಗೂ ಅನ್ನಿಸಲಿಲ್ಲ. ರಿಪೇರಿ ಮುಗಿದ ಮೇಲೆ ಸೋಪಿನ ನೊರೆ ಹಚ್ಚಿ ಗ್ಯಾಸ್ ಸೋರುತ್ತಿದೆಯೇ ಎಂದು ಒಂದು ಸಲ ನೋಡುತ್ತಿದ್ದವನು ಮೂರು ಸಲ ನೋಡತೊಡಗಿದ. ಹೆಂಗಸರು ಮೆಚ್ಚಿಕೊಂಡರು. "ಮಾಡಿದ್ರೆ ಪಾಷಣ್ಣನ ಥರ ಕೆಲಸ ಮಾಡ್ಬೇಕು" ಎಂದು ಹೆಸರು ಬಂತು. ಹೆಸರು ಬಂದಷ್ಟೂ ಮೂರು ಏಳಾಯಿತು, ಏಳು ಇಪ್ಪತ್ತೊಂದಾಯಿತು. ರೆಗ್ಯುಲೇಟರ್ ಮುಚ್ಚಿ, ಅದರ ಮೇಲೆ ಬೆರಳಿಟ್ಟು, "ಬಂದ್" ಎಂದು ಬಾಯಿಬಿಟ್ಟು ಹೇಳಬೇಕು. ಹಾಗೆ ಇಪ್ಪತ್ತೊಂದು ಸಲ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಒಂದರಿಂದ ಶುರು. ಇಷ್ಟೆಲ್ಲ ಮಾಡಿ ಬಸ್ ಸ್ಟ್ಯಾಂಡಿಗೆ ಬಂದು ನಿಂತರೆ, "ಇಪ್ಪತ್ತನೆಯದು ಸರಿಯಾಗಿ ಹೇಳಿದೆನೋ ಇಲ್ಲವೋ" ಎಂದು ವಾಪಸ್ಸು ಹೊರಡುತ್ತಿದ್ದ.

ಕುಣಿಗಲ್ಲಿನಲ್ಲಿ ನರಸಿಂಹಯ್ಯ ಎಂಬ ನಿವೃತ್ತ ಮೇಷ್ಟ್ರ ಮನೆಗೆ ಒಂದೇ ದಿನ ಮೂರು ಸಲ ವಾಪಸ್ಸು ಹೋದ. ಮೂರನೆಯ ಸಲ ಮೇಷ್ಟ್ರು ಬಾಗಿಲಿಗೆ ಅಡ್ಡ ನಿಂತರು. "ಸಾಬ್ರೆ, ನಮ್ಮನೆಯವಳು ಅಡುಗೆಮನೆಗೆ ಇಷ್ಟು ಸಲ ಹೋಗಲ್ಲ. ನಿಮ್ಗೇನು ಬಂತು?"

ಸ್ವಂತ ಮನೆಯ ಕಥೆ ಇನ್ನೂ ಘೋರ. ಪಿ.ಎಚ್. ಕಾಲೋನಿಯ ಆ ಮನೆಯಲ್ಲಿ ಹೆಂಡತಿ ಸಲೀಮಾ ಅನ್ನಕ್ಕಿಟ್ಟು ಈರುಳ್ಳಿ ಹೆಚ್ಚಲು ಕೂತರೆ, ಇವನು ಬಂದು ಗ್ಯಾಸ್ ಮುಚ್ಚಿ ಹೋಗಿರುತ್ತಿದ್ದ. ಮೂರು ವರ್ಷ ಆ ಮನೆಯವರು ನೆಟ್ಟಗೆ ಬೆಂದ ಅನ್ನ ಉಂಡದ್ದು ರಂಜಾನ್ ಹಬ್ಬದಲ್ಲಿ ಮಾತ್ರ. ಅದೂ ಪಕ್ಕದ ಮನೆಯಿಂದ ಬಂದದ್ದು. ದಿನಕ್ಕೆ ನಲವತ್ತು ಸಲ "ಬಂದ್ ಮಾಡಿದೀಯಾ?" ಎಂದು ಕೇಳುತ್ತಿದ್ದ. ಅವಳು ನಲವತ್ತು ಸಲ "ಮಾಡಿದೀನಿ" ಎನ್ನಬೇಕಿತ್ತು. ಮಗಳು ಉಝ್ಮಾ ಪಿಯುಸಿ ಪುಸ್ತಕ ಹಿಡಿದು ಅಟ್ಟ ಸೇರಿದ್ದಳು.

ಎಲ್ಲ ಬಯಲಾದದ್ದು 2000ದ ಬೇಸಿಗೆಯಲ್ಲಿ, ನಿಟ್ಟೂರಿನಲ್ಲಿ. ಹಿಟ್ಟಿನ ಗಿರಣಿಯ ಅಡವಿಯಪ್ಪನ ಮನೆಯಲ್ಲಿ ಬೆಳಿಗ್ಗೆ ಬರ್ನರ್ ಸರಿಮಾಡಿ, ಇಪ್ಪತ್ತೊಂದು ಎಣಿಸಿ, ಪಾಷಾ ರೈಲ್ವೆ ಸ್ಟೇಷನ್ನಿಗೆ ಹೋದ. ರೈಲು ಬರುವ ಮೊದಲೇ ಇಪ್ಪತ್ತನೆಯದರ ಮೇಲೆ ಅನುಮಾನ ಬಂತು. ವಾಪಸ್ಸು ಬಂದರೆ ಮನೆಗೆ ಬೀಗ. ಅಡವಿಯಪ್ಪ ಸಂಸಾರ ಸಮೇತ ಮದುವೆಗೆ ಹೋಗಿದ್ದ. ಪಾಷಾ ಕಿಟಕಿಗೆ ಮೂಗಿಟ್ಟು ವಾಸನೆ ನೋಡಿದ. ವಾಸನೆ ಇರಲಿಲ್ಲ. ಇಲ್ಲದ್ದರಿಂದಲೇ ಅನುಮಾನ ಹೆಚ್ಚಾಯಿತು. ಹಿತ್ತಲಿನ ಗೋಡೆ ಹತ್ತಿ, ಅಡುಗೆಮನೆಯ ಹೆಂಚು ಒಂದೊಂದೇ ಸರಿಸತೊಡಗಿದ.

"ಯಾರ್ಲಾ ಅದು ಹೆಂಚಿನ ಮೇಲೆ?" ಎಂದು ಕೆಳಗಿಂದ ಕೂಗು ಬಂತು.

"ನಾನು ಸ್ವಾಮಿ! ಸ್ಟೌವ್ ರಿಪೇರಿ!"

"ಹೆಂಚಿನ ಮೇಲೆ ಯಾವನ್ಲಾ ಸ್ಟೌವ್ ಇಟ್ಟವ್ನೆ? ಹಿಡ್ಕಳ್ರೋ ಅವನ್ನ!"

ಇಳಿಸಿ, ನಾಲ್ಕು ಬಿಗಿದು, ಹಾಲಿನ ಡೇರಿಯೊಳಗೆ ಕೂಡಿ ಹಾಕಿದರು. ಮಧ್ಯಾಹ್ನ ಅಡವಿಯಪ್ಪ ಮದುವೆಯೂಟದ ವೀಳ್ಯ ಅಗಿಯುತ್ತಾ ಬಂದವನು ಡೇರಿಗೆ ಇಣುಕಿ, "ಅಯ್ಯೋ ಮುಂಡೇವಾ, ಇವ್ನು ನಮ್ ಸ್ಟೌವ್ ಪಾಷಾ ಕಣ್ರೋ!" ಎಂದ. ಬಿಡಿಸಿ ಮನೆಗೆ ಕರೆತಂದು, "ಅದೇನ್ ನೋಡ್ಬೇಕೋ ನೋಡ್ಕಳಯ್ಯ" ಎಂದು ಬಾಗಿಲು ತೆಗೆದ. ಅರ್ಧ ಊರು ಹಿಂದೆಯೇ ಬಂತು.

ಪಾಷಾ ರೆಗ್ಯುಲೇಟರಿನ ಮೇಲೆ ಬೆರಳಿಟ್ಟು "ಬಂದ್" ಎಂದ. ಮತ್ತೆ "ಬಂದ್" ಎಂದ. ಐದನೆಯದಕ್ಕೆ ಯಾರೋ ನಕ್ಕರು. ಹತ್ತನೆಯದಕ್ಕೆ ಬಾಗಿಲಲ್ಲಿದ್ದವರೆಲ್ಲ ದನಿಗೂಡಿಸಿ "ಬಂದ್!" ಎಂದು ಕೂಗಿದರು. ಹದಿನೈದಕ್ಕೆ ಒಬ್ಬ ಸಿಳ್ಳೆ ಹೊಡೆದ. ಪಾಷಾನಿಗೆ ನಿಲ್ಲಿಸಲಾಗಲಿಲ್ಲ. ಮೈಯೆಲ್ಲ ನೋಯುತ್ತಿತ್ತು, ತುಟಿ ಒಡೆದಿತ್ತು, ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು, ಬಾಯಿ ಮಾತ್ರ "ಬಂದ್, ಬಂದ್" ಎನ್ನುತ್ತಲೇ ಇತ್ತು. ಅಳು ಕಂಡು ಜನ ಸುಮ್ಮನಾದರು. ಇಪ್ಪತ್ತೊಂದನೆಯದನ್ನು ಪಾಷಾ ಒಬ್ಬನೇ ಹೇಳಿ ಮುಗಿಸಿದ.

"ಇದು ಹುಷಾರಿಲ್ಲದ್ದು ಕಣಯ್ಯ" ಎಂದ ಅಡವಿಯಪ್ಪ, ನಿಧಾನಕ್ಕೆ. "ತೋರಿಸ್ಕೋ."

ತೋರಿಸಿಕೊಳ್ಳಲು ಊರಿನಲ್ಲಿ ಬೇಕಾದಷ್ಟು ಜನರಿದ್ದರು. ಸಲೀಮಾಳ ತಮ್ಮ ಸಯೀದ್, ಬಾಳೆಹಣ್ಣಿನ ಮಂಡಿ ಇಟ್ಟವನು, ಭಾವನಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ತಾಯಿತ ಕಟ್ಟಿಸಿದ. ಒಂದು ವಾರದಲ್ಲಿ ಪಾಷಾ ಆ ತಾಯಿತದ ಗಂಟು ಬಿಗಿಯಾಗಿದೆಯೇ ಎಂದೂ ಇಪ್ಪತ್ತೊಂದು ಸಲ ನೋಡತೊಡಗಿದ. ಇದ್ದ ಕೆಲಸದ ಜೊತೆಗೆ ಇನ್ನೊಂದು ಕೆಲಸವಾಯಿತು. ಅಡವಿಯಪ್ಪ ತನ್ನ ಜೊತೆ ಯಡಿಯೂರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋದ. ಅಲ್ಲಿ ಪಾಷಾ ಊಟದ ಸಾಲಿನಲ್ಲಿ ಕೂತು ಎರಡು ಗಂಟೆ ಹಾಯಾಗಿದ್ದ. ಸ್ವಾಮಿಯ ಕೃಪೆ ಎಂದು ಅಡವಿಯಪ್ಪ ಕೈಮುಗಿದ. ಸುತ್ತ ಎಲ್ಲೂ ಸಿಲಿಂಡರ್ ಕಾಣದಿದ್ದದ್ದೇ ಕಾರಣ ಎಂದು ಪಾಷಾನಿಗೆ ಗೊತ್ತಿತ್ತು. ದೇವಸ್ಥಾನದಲ್ಲಿ ನಿಂತು ಅದನ್ನು ಹೇಳುವುದು ಹೇಗೆ ಎಂದು ಸುಮ್ಮನಿದ್ದ.

ಕೊನೆಗೆ ಸಲೀಮಾ ಅವನನ್ನು ಬೀದಿಯ ಡಾಕ್ಟರ್ ಸಂಗಮೇಶ್ ಹತ್ತಿರ ಎಳೆದುಕೊಂಡು ಹೋದಳು. ಜ್ವರಕ್ಕೂ ಜಗಳಕ್ಕೂ ಬಿ-ಕಾಂಪ್ಲೆಕ್ಸ್ ಬರೆಯುವ ಡಾಕ್ಟರು ಅವರು. ಆದರೆ ಆ ದಿನ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ಪಾಷಾ, ಇದು ನೂರಾರು ಜನಕ್ಕೆ ಬರೋ ಕಾಯಿಲೆ. ನೀನೊಬ್ನೇ ಏನಲ್ಲ. ಊರಾಚೆ ಧರ್ಮಾರ್ಥ ಆಸ್ಪತ್ರೆ ಇದ್ಯಲ್ಲ, ಅಲ್ಲಿ ಗುರುವಾರ ಮನಸ್ಸಿನ ಡಾಕ್ಟ್ರು ಬರ್ತಾರೆ. ಮಾತ್ರೆ ಕೊಡ್ತಾರೆ. ಅದರ ಜೊತೆಗೆ ನೀನು ಕೌನ್ಸೆಲಿಂಗ್‌ಗೆ ಹೋಗ್ಬೇಕು."

ಪಾಷಾ ಕಕ್ಕಾಬಿಕ್ಕಿಯಾದ. ಆ ಕಾಲದಲ್ಲಿ ಕೌನ್ಸೆಲಿಂಗ್ ಎಂದರೆ ಒಂದೇ ಅರ್ಥ. ಪಿಯುಸಿ ಮುಗಿಸಿ ಸಿಇಟಿ ಬರೆದ ಮಕ್ಕಳು ಬೆಂಗಳೂರಿಗೆ ಹೋಗಿ ಕಂಪ್ಯೂಟರಿನ ಮುಂದೆ ಇಂಜಿನಿಯರಿಂಗೋ ಮೆಡಿಕಲ್ಲೋ ಸೀಟು ಆರಿಸಿಕೊಳ್ಳುವುದು. ಉಝ್ಮಾ ಮುಂದಿನ ವರ್ಷ ಹೋಗಬೇಕಿದ್ದದ್ದು ಅದಕ್ಕೇ.

"ಸಾರ್, ನಾನು ಎಸ್ಸೆಸ್ಸೆಲ್ಸಿ ಫೇಲು. ನಂಗ್ಯಾವ ಸೀಟು ಕೊಡ್ತಾರೆ?"

ಡಾಕ್ಟರು ನಗು ತಡೆಯಲಾರದೆ ಕನ್ನಡಕ ತೆಗೆದು ಒರೆಸಿಕೊಂಡರು. "ಸೀಟಲ್ಲ ಕಣಯ್ಯ, ಬರೀ ಕುರ್ಚಿ. ಎದುರಿಗೆ ಕಲಿತವರೊಬ್ರು ಕೂತಿರ್ತಾರೆ. ನೀನು ಮಾತಾಡ್ತೀಯ, ಅವ್ರು ಕೇಳ್ತಾರೆ. ಆಮೇಲೆ ಇಬ್ರೂ ಸೇರಿ ದಾರಿ ಹುಡುಕ್ತೀರ."

"ಮಾತಾಡೋಕೆ ಆಸ್ಪತ್ರೆಗ್ಯಾಕೆ ಸಾರ್? ಟೀ ಅಂಗಡಿ ಇಲ್ವಾ?"

"ಟೀ ಅಂಗಡೀಲಿ ಈ ವಿಷಯ ಮಾತಾಡಿದೀಯಾ?"

ಪಾಷಾ ಅಲ್ಲಿ ಊರಿನ ಸುದ್ದಿಯೆಲ್ಲ ಹಂಚಿದ್ದ. ಇದೊಂದನ್ನು ಬಿಟ್ಟು.

ಸಲೀಮಾಳಿಗೆ ಮಾತ್ರ ಈ ಪದ ಬಹಳ ಹಿಡಿಸಿತು. ಪಕ್ಕದ ಮನೆಯ ಸರ್ವಮಂಗಳ ಬೇಲಿಯಾಚೆಯಿಂದ "ಗುರುವಾರ ಗುರುವಾರ ಎಲ್ಲಿಗ್ರೀ ಹೋಗ್ತಾರೆ ನಿಮ್ಮವರು?" ಎಂದು ಕೇಳಿದಾಗ "ಕೌನ್ಸೆಲಿಂಗ್‌ಗೆ" ಎಂದಳು, ಸುಳ್ಳೂ ಹೇಳದೆ ನಿಜವನ್ನೂ ಬಿಟ್ಟುಕೊಡದೆ.

"ಉಝ್ಮಾದು ಮುಂದಿನ ವರ್ಷ ಅಲ್ವೇನ್ರೀ?"

"ಅದಕ್ಕೆ ಈಗಿಂದ್ಲೇ ವಿಚಾರಿಸ್ಕೊಂಡು ಬರ್ತಾವ್ರೆ."

ಮೊದಲ ಗುರುವಾರ ಪಾಷಾ ಟೋಪಿ ಬಿಟ್ಟು, ಮಫ್ಲರ್ ಸುತ್ತಿಕೊಂಡು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಹೋದ. ಯಾರೂ ಗುರುತಿಸಬಾರದೆಂದು ಹಾಗೆ ಹೋದವನನ್ನು ಎಲ್ಲರೂ ತಿರುಗಿ ನೋಡಿದರು. ಚೀಟಿ ಬರೆಯುವವನು "ಏನ್ ತೊಂದ್ರೆ?" ಎಂದಾಗ "ಹಲ್ಲು" ಎಂದುಬಿಟ್ಟ. ಹಲ್ಲಿನ ಡಾಕ್ಟರು ಎರಡು ದವಡೆಯೂ ತಪಾಸಣೆ ಮಾಡಿ, ಎಲ್ಲ ಗಟ್ಟಿಮುಟ್ಟಾಗಿದೆ ಎಂದು ಹೊರಗೆ ಕಳಿಸಿದರು. ಮತ್ತೆ ಸಾಲಿನಲ್ಲಿ ನಿಂತು, ಈ ಸಲ ಕಿಟಕಿಗೆ ಬಾಯಿಟ್ಟು ಪಿಸುಗುಟ್ಟಿದ. "ಮನಸ್ಸು."

"ಅದಕ್ಯಾಕೆ ಗುಟ್ಟು? ಏಳನೇ ರೂಮು, ಹನ್ನೊಂದು ಗಂಟೆ ಒಳಗೆ ಹೋಗಿ" ಎಂದ ಚೀಟಿಯವನು.

ಮನಸ್ಸಿನ ಡಾಕ್ಟರು ಅರ್ಧ ಗಂಟೆ ವಿಚಾರಿಸಿ ಮಾತ್ರೆ ಬರೆದರು. ಇದು ನಿದ್ದೆ ಮಾತ್ರೆಯಲ್ಲ, ಗುಣ ಕಾಣಲು ಆರು ವಾರವಾದರೂ ಬೇಕು, ನಾಲ್ಕು ದಿನ ನುಂಗಿ ಬಿಡಬಾರದು ಎಂದು ಹೇಳಿ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ಕುಣಿಗಲ್ ಕಡೆಯ ಹುಡುಗಿ ರೂಪಶ್ರೀ ಕೂತಿದ್ದಳು. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ಇವಳಿಗಿಂತ ತನ್ನ ಸ್ಪ್ಯಾನರ್ ಹಳೆಯದು ಎಂದುಕೊಂಡ ಪಾಷಾ.

"ಹೇಳಿ ಪಾಷಾ ಅವ್ರೇ. ಇಲ್ಲಿ ಹೇಳಿದ್ದು ನಮ್ ಡಾಕ್ಟ್ರನ್ನ ಬಿಟ್ಟು ಆಚೆ ಹೋಗಲ್ಲ. ನಿಮ್ಮನೆಯವ್ರಿಗೂ ನಿಮ್ಮನ್ನ ಕೇಳ್ದೆ ಹೇಳಲ್ಲ."

ಪಾಷಾ ಹೇಳಿದ. ಮೊದಲು ಇಲಿಯ ಬಗ್ಗೆ, ಆಮೇಲೆ ನಿಟ್ಟೂರಿನ ಹೆಂಚಿನ ಬಗ್ಗೆ. ಆಮೇಲೆ, ಯಾರಿಗೂ ಹೇಳದಿದ್ದದ್ದು: ಕಣ್ಣು ಮುಚ್ಚಿದರೆ ಬಸವಲಿಂಗಮ್ಮನ ಬದಲು ಉಝ್ಮಾ ಉರಿಯುವುದು ಕಾಣುತ್ತದೆ, ಆ ಚಿತ್ರ ಬಂದಾಗಲೆಲ್ಲ ಎಣಿಸದೆ ಇರಲು ಆಗುವುದಿಲ್ಲ ಎಂದು. ಹುಡುಗಿ ಮುಖ ಸಿಂಡರಿಸಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ. ಮುಕ್ಕಾಲು ಗಂಟೆಯಾದರೂ ಬುದ್ಧಿಮಾತಿನ ಸುಳಿವಿಲ್ಲ.

"ಏನಮ್ಮ, ಬುದ್ಧಿ ಹೇಳಲ್ವಾ?"

"ಬುದ್ಧಿ ಹೇಳೋಕೆ ನಿಮ್ ಬೀದೀಲಿ ಜನ ಕಮ್ಮಿ ಇದಾರಾ?" ಎಂದಳು ರೂಪಶ್ರೀ. "ನಾನೊಂದು ಕೇಳ್ತೀನಿ. ಇಪ್ಪತ್ತನೇ ಸಲ ಗೊತ್ತಾಗ್ದಿದ್ದು ಇಪ್ಪತ್ತೊಂದನೇ ಸಲ ಏನ್ ಗೊತ್ತಾಗುತ್ತೆ?"

ಪಾಷಾ ಯೋಚಿಸಿದ. "ಏನಿಲ್ಲ. ಸಮಾಧಾನ ಆಗುತ್ತೆ."

"ಎಷ್ಟೊತ್ತು?"

"ಬಸ್ ಸ್ಟ್ಯಾಂಡ್‌ವರ್ಗೂ."

ಇಬ್ಬರೂ ನಕ್ಕರು. ಈ ವಿಷಯಕ್ಕೆ ಪಾಷಾ ನಕ್ಕದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಎರಡು ವಾರ ಬಿಟ್ಟು ನಿಜವಾದ ಕೆಲಸ ಶುರುವಾಯಿತು. ರೂಪಶ್ರೀ ಅವನನ್ನು ಆಸ್ಪತ್ರೆಯ ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಅಲ್ಲಿನ ಸ್ಟೌವ್ ಒಂದೇ ಸಲ ಮುಚ್ಚಿ, "ಬಂದ್" ಎನ್ನದೆ ಹೊರಗೆ ಬಂದು ಬೆಂಚಿನ ಮೇಲೆ ಕೂರಲು ಹೇಳಿದಳು. ಸೊನ್ನೆಯಿಂದ ನೂರರವರೆಗೆ ಹೆದರಿಕೆಗೆ ನಂಬರ್ ಕೊಡಬೇಕು. ಎದ್ದು ಹೋಗಿ ನೋಡುವಂತಿಲ್ಲ, ಅವಳನ್ನು ಕೇಳುವಂತೆಯೂ ಇಲ್ಲ.

"ಎಷ್ಟು?"

"ತೊಂಬತ್ತೈದು. ಅಮ್ಮಾ, ನಿಮ್ಗೂ ಅಪ್ಪ ಅಮ್ಮ ಇದಾರೆ, ಓಡಿ ಹೋಗೋಣ."

"ಕೂತ್ಕೊಳ್ಳಿ. ಬೆವರು ಬರ್ಲಿ ಬಿಡಿ."

ಶರ್ಟು ಬೆನ್ನಿಗಂಟಿತು. ಕಾಲು ತಾನಾಗಿ ಕುಣಿಯಿತು. ಇಪ್ಪತ್ತು ನಿಮಿಷಕ್ಕೆ ಎಂಬತ್ತಾಯಿತು. ಮುಕ್ಕಾಲು ಗಂಟೆಗೆ ನಲವತ್ತು. ಪಾಷಾನಿಗೆ ಆಶ್ಚರ್ಯವೋ ಆಶ್ಚರ್ಯ. ಎಣಿಸದೆಯೂ ಅದು ಇಳಿಯುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಇಳಿಯುವವರೆಗೆ ಅವನು ಎಂದೂ ಕಾದಿರಲೂ ಇಲ್ಲ.

ಮುಂದಿನ ವಾರ ರೂಪಶ್ರೀ ಸಲೀಮಾಳನ್ನೂ ಕರೆಸಿದಳು. "ಇವ್ರು ‘ಬಂದ್ ಮಾಡಿದೀಯಾ’ ಅಂತ ಕೇಳಿದ್ರೆ ಉತ್ರ ಕೊಡ್ಬೇಡಿ. ನೀವು ಕೊಡೋ ಉತ್ರನೂ ಎಣಿಸೋದಕ್ಕೆ ಸಮ. ಕಾಯಿಲೆಗೆ ಊಟ ಹಾಕಿದಂಗೆ."

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಸಲೀಮಾಳಿಗೆ ಇಂಥ ಒಳ್ಳೆಯ ಆರ್ಡರ್ ಯಾರೂ ಕೊಟ್ಟಿರಲಿಲ್ಲ. ಮನೆಗೆ ಬಂದವಳೇ ಅದನ್ನು ವಿಸ್ತರಿಸಿದಳು. ಚಪ್ಪಲಿ ಎಲ್ಲಿ, ಟೀ ಆಯಿತಾ, ನನ್ನ ಲುಂಗಿ ಒಗೆದೆಯಾ, ಯಾವುದಕ್ಕೂ ಉತ್ತರವಿಲ್ಲ. ಪಾಷಾ ಮುಂದಿನ ಗುರುವಾರ ರೂಪಶ್ರೀಯ ಬಳಿ ದೂರು ಕೊಟ್ಟು ತಿದ್ದುಪಡಿ ತರಬೇಕಾಯಿತು.

ಆರು ತಿಂಗಳಲ್ಲಿ ಇಪ್ಪತ್ತೊಂದು ಐದಕ್ಕೆ ಇಳಿಯಿತು. ಪಾಷಾನಿಗೆ ಕೊಬ್ಬು ಬಂತು. ತಾನು ಗುಣವಾದೆ ಎಂದು ಹೇಳಿಕೊಂಡು, ಮಾತ್ರೆ ಡಬ್ಬಿಯನ್ನು ಅಟ್ಟಕ್ಕೆಸೆದು, ಎರಡು ತಿಂಗಳು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮೂರನೆಯ ತಿಂಗಳು ಅನ್ನ ಮತ್ತೆ ಅರೆಬೆಂದಿತು. ತಲೆ ತಗ್ಗಿಸಿಕೊಂಡು ಏಳನೇ ರೂಮಿಗೆ ಹೋದ. ಬೈಗುಳ ಬೀಳುತ್ತದೆ ಎಂದುಕೊಂಡಿದ್ದ.

"ಬಂದ್ರಲ್ಲ, ಸಾಕು" ಎಂದಳು ರೂಪಶ್ರೀ. "ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಹಿಡ್ಕೊಳ್ಳೋಣ."

2001ರ ಆಗಸ್ಟಿನಲ್ಲಿ ಉಝ್ಮಾಳ ಕೌನ್ಸೆಲಿಂಗ್ ಬಂತು. ಸಲೀಮಾ ಅಕ್ಕನ ಮಗಳ ಬಾಣಂತನಕ್ಕೆಂದು ಕುಣಿಗಲ್ಲಿಗೆ ಹೋಗಿದ್ದಳು. ಬೆಳಿಗ್ಗೆ ಮನೆಯಲ್ಲಿ ಗ್ಯಾಸ್ ಮುಚ್ಚಿದ್ದು ಪಾಷಾನೇ. ಒಂದೇ ಸಲ. ಬೀಗ ಹಾಕಿ, ಮಗಳನ್ನು ಕರೆದುಕೊಂಡು ಬೆಂಗಳೂರಿನ ಬಸ್ಸು ಹತ್ತಿದ. ಕ್ಯಾತ್ಸಂದ್ರದವರೆಗೆ ಸರಿಯಾಗಿಯೇ ಇದ್ದ. ಹಿರೇಹಳ್ಳಿಯಲ್ಲಿ ಯಾವುದೋ ಫ್ಯಾಕ್ಟರಿಯ ಚಿಮಣಿಯಿಂದ ಕಪ್ಪು ಹೊಗೆ ಎದ್ದದ್ದು ಕಣ್ಣಿಗೆ ಬಿತ್ತು. ಅಲ್ಲಿಗೆ ಮುಗಿಯಿತು.

ದಾಬಸ್‌ಪೇಟೆಯಲ್ಲಿ ಬಸ್ಸು ನಿಂತಾಗ ಪಾಷಾ ಎದ್ದು ನಿಂತಿದ್ದ. ರಸ್ತೆಯಾಚೆ ಎಸ್‌ಟಿಡಿ ಬೂತ್ ಕಾಣುತ್ತಿತ್ತು.

"ಸರ್ವಮಂಗಳಮ್ಮಂಗೆ ಒಂದ್ ಫೋನು. ಕಿಟಕೀಲಿ ನೋಡಿ ಅಂತೀನಿ, ಅಷ್ಟೇ. ಅವರು ಸಿಗ್ಲಿಲ್ಲ ಅಂದ್ರೆ ನಾನು ವಾಪಸ್ ಹೋಗಿ ಮುಂದಿನ ಬಸ್ಸಲ್ಲಿ ಬರ್ತೀನಿ. ನೀನ್ ಹೋಗಿರು ಬೇಟಾ."

ಉಝ್ಮಾ ತಂದೆಯ ಮುಖ ನೋಡಿದಳು. ಗುರುವಾರದ ಗುಟ್ಟು ಅವಳಿಗೆ ತಿಂಗಳುಗಳ ಹಿಂದೆಯೇ ಗೊತ್ತಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಪಾಷಾ ಬರೆದಿಡುತ್ತಿದ್ದ ಹೆದರಿಕೆಯ ನಂಬರುಗಳನ್ನು ಮೊದಮೊದಲು ಮಟ್ಕಾ ಎಂದುಕೊಂಡು ಅತ್ತಿದ್ದಳು. ಆಮೇಲೆ ಅಮ್ಮಿ ಎಲ್ಲ ಹೇಳಿದ್ದಳು.

"ಅಬ್ಬಾಜಾನ್, ನಂಬರ್ ಎಷ್ಟು?"

ಪಾಷಾ ಬೆಚ್ಚಿಬಿದ್ದ. ಸುತ್ತ ಜನ. ಕಂಡಕ್ಟರ್ ಸೀಟಿ ಬಾಯಿಗಿಟ್ಟಿದ್ದ. "ತೊಂಬತ್ತು" ಎಂದ, ಮೆಲ್ಲಗೆ.

"ಸರಿ. ಕೂತ್ಕೊಳ್ಳಿ. ನೆಲಮಂಗಲದಲ್ಲಿ ಮತ್ತೆ ಕೇಳ್ತೀನಿ."

"ನಾನು ಬಂದ್ ಮಾಡಿದ್ದು ನೋಡಿದ್ಯಾ?"

ಉಝ್ಮಾ ಉತ್ತರ ಕೊಡಲಿಲ್ಲ. ಬ್ಯಾಗು ತೆಗೆದು ತಂದೆಯ ತೊಡೆಯ ಮೇಲಿಟ್ಟಳು. ಅದರಲ್ಲಿ ಅವಳ ಮಾರ್ಕ್ಸ್ ಕಾರ್ಡು, ರ‍್ಯಾಂಕಿನ ಕಾಗದ, ಎಲ್ಲ ಇತ್ತು. ಅದನ್ನು ಅಲ್ಲೇ ಬಿಟ್ಟು ಇಳಿಯಲೂ ಆಗದು, ತೆಗೆದುಕೊಂಡು ಇಳಿಯಲೂ ಆಗದು. ಪಾಷಾ ಬ್ಯಾಗನ್ನು ಅವುಚಿ ಹಿಡಿದು ಕೂತ. ಬಸ್ಸು ಹೊರಟಿತು. ಎಸ್‌ಟಿಡಿ ಬೂತ್ ಹಿಂದೆ ಸರಿಯುವುದನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡ. ಪಕ್ಕದ ಸೀಟಿನವನು ಇವನಿಗೆ ವಾಂತಿ ಬರುತ್ತಿರಬಹುದೆಂದು ಕಿಟಕಿ ತೆಗೆದುಕೊಟ್ಟು, ತಾನು ಎರಡು ಸೀಟು ಹಿಂದಕ್ಕೆ ಹೋದ.

ನೆಲಮಂಗಲದಲ್ಲಿ ಎಪ್ಪತ್ತಿತ್ತು. ಯಶವಂತಪುರದಲ್ಲಿ ಐವತ್ತು. ಕೌನ್ಸೆಲಿಂಗ್ ಹಾಲಿನಲ್ಲಿ ಸೀಟಿಗಾಗಿ ತಂದೆ-ತಾಯಿಗಳೆಲ್ಲ ಉಗುರು ಕಚ್ಚುತ್ತಾ, ಬೆವರುತ್ತಾ, ಒಂದೇ ಕಾಗದವನ್ನು ಹತ್ತು ಸಲ ತಿರುಗಿಸಿ ನೋಡುತ್ತಾ ಕೂತಿದ್ದರು. ಪಾಷಾ ಅವರನ್ನೆಲ್ಲ ಒಂದು ಸುತ್ತು ನೋಡಿ, ಮಗಳ ಕಿವಿಯಲ್ಲಿ ಹೇಳಿದ. "ಇವ್ರದ್ದೆಲ್ಲ ನೂರರ ಮೇಲಿದೆ ಬೇಟಾ. ಪಾಪ, ಇವ್ರಿಗೆ ಯಾರೂ ನಂಬರ್ ಕೇಳೋರಿಲ್ಲ."

ಉಝ್ಮಾ ತುಮಕೂರಿನಲ್ಲೇ ಸಿವಿಲ್ ಸೀಟು ಆರಿಸಿಕೊಂಡಳು. ಸಂಜೆ ಮನೆಗೆ ಬಂದು ಬೀಗ ತೆಗೆದಾಗ ಪಾಷಾ ನೇರ ಅಡುಗೆಮನೆಗೆ ಹೋದದ್ದು ನಿಜ. ಟೀ ಕಾಸಲು ಹೋದೆ ಎಂದು ಅವನು ಇಂದಿಗೂ ವಾದಿಸುತ್ತಾನೆ.

ಪೂರ್ತಿ ಗುಣವಾಯಿತೇ ಎಂದರೆ, ಇಲ್ಲ. ಒಳ್ಳೆಯ ದಿನ ಒಂದು ಸಲ, ಕೆಟ್ಟ ದಿನ ಮೂರು. ಮಾತ್ರೆಯನ್ನು ಡಾಕ್ಟರೇ ನಿಧಾನಕ್ಕೆ ಕಡಿಮೆ ಮಾಡಿ 2004ರಲ್ಲಿ ನಿಲ್ಲಿಸಿದರು. ರೂಪಶ್ರೀ ಮದುವೆಯಾಗಿ ಮೈಸೂರಿಗೆ ಹೋದಳು. ಅವಳ ಜಾಗಕ್ಕೆ ಬಂದ ಹುಡುಗನ ಬಳಿ ಪಾಷಾ ವರ್ಷಕ್ಕೆರಡು ಸಲ ಹೋಗಿ ಬರುತ್ತಿದ್ದ. ಮಫ್ಲರ್ ಇಲ್ಲದೆ, ಟೋಪಿ ಹಾಕಿಕೊಂಡು.

ಬಾಯಿ ಮಾತ್ರ ಹಳೆಯ ಅಳತೆಗೆ ಬಂದಿತ್ತು. ಮಂಡಿಪೇಟೆಗೆ ಈಗ ಅವನ ಕಾಯಿಲೆಯೂ ಸುದ್ದಿಯೇ. ಸಲೀಮಾ ಹಣೆ ಚಚ್ಚಿಕೊಂಡರೂ ಬಿಡದೆ, ನಿಟ್ಟೂರಿನ ಹೆಂಚಿನ ಕಥೆಯನ್ನು ಅಭಿನಯ ಸಮೇತ ಹೇಳುತ್ತಿದ್ದ. 2006ರಲ್ಲಿ ಒಂದು ಮಧ್ಯಾಹ್ನ ಹೊರಪೇಟೆಯ ದಿನಸಿ ಅಂಗಡಿ ರಾಮಾಂಜಿನಯ್ಯ ಸ್ಟೌವ್ ತೆಗೆದುಕೊಂಡು ಬಂದು, ಸುತ್ತ ನೋಡಿ, ದನಿ ತಗ್ಗಿಸಿದ.

"ಪಾಷಣ್ಣ, ನಮ್ ಷಡ್ಡಕ ಒಬ್ಬ ಇದಾನೆ. ಎರಡು ತಿಂಗಳಿಂದ ಊಟ ಸೇರಲ್ಲ, ಅಂಗಡಿ ಬಾಗ್ಲು ತೆಗೀಬೇಕು ಅಂದ್ರೆ ಅಳು ಬರ್ತದಂತೆ. ಅದೇನೋ ನೀನು ಹೋಗ್ತಿದ್ಯಲ್ಲ…"

ಪಾಷಾ ಎದುರಿಗೇ ನಿಂತಿದ್ದ ಆ ಷಡ್ಡಕನ ಇಳಿದ ಕೆನ್ನೆ ನೋಡಿದ, ಸಡಿಲವಾದ ವಾಚು ನೋಡಿದ.

"ನಿಮ್ ಷಡ್ಡಕಂಗೆ ಹೇಳಿ. ಗುರುವಾರ, ಒಂಬತ್ತಕ್ಕೇ ಹೋಗ್ಲಿ, ಚೀಟಿ ಸಾಲು ಉದ್ದ ಇರುತ್ತೆ. ಹಲ್ಲು, ಕಣ್ಣು ಅಂತೆಲ್ಲ ಸುಳ್ಳು ಹೇಳ್ಬೇಡ ಅನ್ನಿ, ಸುಮ್ನೆ ಅರ್ಧ ದಿನ ಹೋಗುತ್ತೆ. ಏಳನೇ ರೂಮು. ಒಂದೇ ಸಲಕ್ಕೆ ಏನೂ ಆಗಲ್ಲ, ನಾಲ್ಕು ಸಲನಾದ್ರೂ ಹೋಗ್ಬೇಕು. ಕೂತಿರೋನು ಹಿಡಿಸ್ಲಿಲ್ಲ ಅಂದ್ರೆ ಬೇರೆಯವ್ರನ್ನ ಕೇಳ್ಬಹುದು, ತಪ್ಪೇನಿಲ್ಲ. ಗುರುವಾರದವರ್ಗೂ ತಡ್ಕೊಳೋಕಾಗಲ್ಲ, ಜೀವಾನೇ ಬೇಡ ಅನ್ಸುತ್ತೆ ಅಂದ್ರೆ ಕಾಯ್ಬಾರ್ದು, ಆವತ್ತೇ ಯಾವ್ದಾದ್ರೂ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು. ಹಂಗೇನಾದ್ರೂ ಅನ್ಸುತ್ತಂತಾ?"

"ಇಲ್ಲಿಲ್ಲ, ಅಷ್ಟಿಲ್ಲ" ಎಂದ ರಾಮಾಂಜಿನಯ್ಯ. ಜಾರಿದ ವಾಚನ್ನು ಮೇಲಕ್ಕೆ ಸರಿಸಿಕೊಂಡು, "ಒಬ್ನೇ ಹೋಗೋಕೆ ನಾಚಿಕೆ ಪಡ್ತಾನೆ, ನಮ್ ಷಡ್ಡಕ" ಎಂದ.

"ನಾನೂ ಬರ್ತೀನಿ ಅಂತ ಹೇಳಿ. ತಿಂಡಿ ತಿನ್ಕೊಂಡು ಬರ್ಲಿ, ಅಲ್ಲಿ ಕ್ಯಾಂಟೀನ್ ಇಡ್ಲಿ ಗೋಡೆಗೆ ಹೊಡೆದ್ರೆ ಗೋಡೆ ಬೀಳುತ್ತೆ."

ರಾಮಾಂಜಿನಯ್ಯ ನಕ್ಕ. ಸ್ಟೌವ್ ಅಲ್ಲೇ ಬಿಟ್ಟು ಎದ್ದು ಹೊರಟ. ಪಾಷಾ ಅದನ್ನು ಎಳೆದುಕೊಂಡು ಬಿಚ್ಚಿ ನೋಡಿದ. ಬರ್ನರಿನಲ್ಲಿ ಒಂದು ಕಸವೂ ಇರಲಿಲ್ಲ, ಸ್ಟೌವಿಗೆ ಯಾವ ರೋಗವೂ ಇರಲಿಲ್ಲ.